ಟ್ಯಾಂಕಿಗೆ ಕವಚ, ದುಡಿಯುವವನಿಗೆ ಬರಿ ಮೈ



ಮೀಸಲಾತಿಯ ಮೇಲೆ ಕೈ ಹಾಕಬೇಕಾದರೆ ಸಂವಿಧಾನ ತಿದ್ದಬೇಕು, ಹಾಗೆ ತಿದ್ದೋಕೆ ಬಂದರೆ ನಾವು ಸುಮ್ಮನೆ ಬಿಡ್ತೀವಾ ಅಂತ ನಮ್ಮ ಹಾಸ್ಟೆಲುಗಳಲ್ಲಿ ಹುಡುಗರು ಎದೆ ತಟ್ಟಿ ಮಾತಾಡುತ್ತಾರೆ. ಒಳ್ಳೆಯ ಮಾತೇ. ಆದರೆ ಕಳ್ಳ ಮುಂಬಾಗಿಲಿಂದಲೇ ಬರ್ತಾನೆ ಅಂತ ದೊಣ್ಣೆ ಹಿಡಿದು ಕಾದು ಕೂತರೆ ಹಿತ್ತಲ ಬಾಗಿಲು ಕಾಯೋರು ಯಾರು? ಸಂವಿಧಾನದ ಒಂದು ಅಕ್ಷರ ಮುಟ್ಟದೆ, ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕುತ್ತಲೇ, ನಮ್ಮ ಪಾಲಿನ ಕೆಲಸ ಕಿತ್ತುಕೊಳ್ಳುವುದು ಹೇಗೆ ಅನ್ನೋದಕ್ಕೆ ಒಂದು ಕಂಪನಿಯ ಕತೆ ಸಾಕು. ಅದು ಸೈನ್ಯಕ್ಕೆ ಟ್ಯಾಂಕು ಮತ್ತು ಉಕ್ಕಿನ ಕವಚದ ಗಾಡಿಗಳನ್ನು ಮಾಡಿಕೊಡುವ ಕಂಪನಿ.

ಚೆನ್ನೈ ಪಕ್ಕದ ಆವಡಿಯಲ್ಲಿ 1961ರಲ್ಲಿ ಹೆವಿ ವೆಹಿಕಲ್ಸ್ ಫ್ಯಾಕ್ಟರಿ ಶುರುವಾಯಿತು. 1965ರಲ್ಲಿ ಅಲ್ಲಿಂದ ಮೊದಲ ವಿಜಯಂತ ಟ್ಯಾಂಕು ಹೊರಬಂತು. ಆಮೇಲೆ ಟಿ-72, ಅರ್ಜುನ್, ಟಿ-90. ಇದು ಕಂಪನಿಯಾಗಿರಲಿಲ್ಲ. ಲಾಭ ನಷ್ಟದ ಅಂಗಡಿಯಾಗಿರಲಿಲ್ಲ. ರಕ್ಷಣಾ ಇಲಾಖೆಯದೇ ಒಂದು ಅಂಗವಾಗಿತ್ತು. ಇಂಥ 41 ಕಾರ್ಖಾನೆಗಳು ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡಿನ ಕೆಳಗೆ ಇದ್ದವು. ಅಲ್ಲಿ ಸೇರಿದ ಫಿಟ್ಟರು, ವೆಲ್ಡರು, ಟರ್ನರು ಎಲ್ಲರೂ ಕೇಂದ್ರ ಸರ್ಕಾರದ ನೌಕರರು. ನೇಮಕದಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 15, ಪರಿಶಿಷ್ಟ ವರ್ಗಕ್ಕೆ 7.5. ಊರಾಚೆಯ ಕೇರಿಯಲ್ಲಿ ಹುಟ್ಟಿ, ಐಟಿಐ ಮುಗಿಸಿದ ಹುಡುಗ ಅಲ್ಲಿ ಒಂದು ಸಲ ಒಳಗೆ ಹೋದ ಅಂದರೆ ಅವನ ಅಪ್ಪ ಜೀತಕ್ಕೆ ನಿಂತಿದ್ದ ಗೌಡನೂ ಅವನ ಸಂಬಳ ನಿಲ್ಲಿಸೋ ಹಾಗಿರಲಿಲ್ಲ. ಕೆಲಸದ ಬೆಲೆ ಬರೀ ರೂಪಾಯಿಯಲ್ಲಿ ಇಲ್ಲ, ಯಾರಿಗೂ ಕೈ ಮುಗಿಯದೆ ತಿಂಗಳು ಕಳೆಯೋದರಲ್ಲಿದೆ. ನಮ್ಮ ಜನಕ್ಕೆ ಇದು ಗೊತ್ತು.

2021ರ ಅಕ್ಟೋಬರ್ 1ರಂದು ಆ ಬೋರ್ಡನ್ನು ಮುಚ್ಚಿದರು. 41 ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಹಂಚಿದರು. ಆವಡಿಯ ಟ್ಯಾಂಕು ಕಾರ್ಖಾನೆ, ಅಲ್ಲೇ ಇರುವ ಎಂಜಿನ್ ಕಾರ್ಖಾನೆ, ತೆಲಂಗಾಣದ ಮೇದಕ್, ಮಧ್ಯಪ್ರದೇಶದ ಜಬಲ್ಪುರ, ಮಹಾರಾಷ್ಟ್ರದ ಅಂಬರನಾಥ ಈ ಐದೂ ಸೇರಿ ಒಂದು ಕಂಪನಿಯಾಯಿತು. ಹೆಸರು ಆರ್ಮರ್ಡ್ ವೆಹಿಕಲ್ಸ್ ನಿಗಮ್ ಲಿಮಿಟೆಡ್. ಅಕ್ಟೋಬರ್ 15ರ ವಿಜಯದಶಮಿಯ ದಿನ ಪ್ರಧಾನಮಂತ್ರಿಗಳು ಏಳೂ ಕಂಪನಿಗಳನ್ನು ದೇಶಕ್ಕೆ ಅರ್ಪಿಸಿದರು. ದೇಶದ್ದನ್ನೇ ದೇಶಕ್ಕೆ ಅರ್ಪಿಸೋದು ಎಂಥ ದಾನವೋ ನಮಗೆ ತಿಳಿಯದು.

ಕೆಲಸಗಾರರು ಸುಮ್ಮನಿದ್ದರಾ? ಇರಲಿಲ್ಲ. ಎಡ, ಬಲ, ಕಾಂಗ್ರೆಸ್ಸು ಅನ್ನದೆ ಕಾರ್ಮಿಕ ಒಕ್ಕೂಟಗಳು ಒಟ್ಟಾಗಿ 2021ರ ಜುಲೈ 26ರಿಂದ ಅನಿರ್ದಿಷ್ಟ ಮುಷ್ಕರ ಅಂತ ಹೇಳಿದವು. ಸರ್ಕಾರ ಜೂನ್ 30ಕ್ಕೇ ಸುಗ್ರೀವಾಜ್ಞೆ ತಂದಿತು. ಆಗಸ್ಟಿನಲ್ಲಿ, ಪೆಗಾಸಸ್ ಗದ್ದಲ ನಡೆಯುತ್ತಿದ್ದ ಪಾರ್ಲಿಮೆಂಟಿನಲ್ಲಿ, ಅದನ್ನೇ ಕಾನೂನು ಮಾಡಿಕೊಂಡಿತು. ಮುಷ್ಕರ ಮಾಡಿದವನಿಗೆ ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಮಾಡಿ ಅಂತ ಹುರಿದುಂಬಿಸಿದವನಿಗೆ ಎರಡು ವರ್ಷದವರೆಗೆ. ಆ ಕಾನೂನಿನ ಆಯುಸ್ಸು ಒಂದೇ ವರ್ಷ. ಕೆಲಸ ಮುಗಿಸಿಕೊಳ್ಳೋಕೆ ಅಷ್ಟು ಸಾಕಾಗಿತ್ತು.

ಇಷ್ಟಾದರೂ ಮೀಸಲಾತಿಗೆ ಏನಾಯ್ತು ಅಂತ ನೀವು ಕೇಳ್ತೀರಿ. ಸರ್ಕಾರವೂ ಇದನ್ನೇ ಹೇಳುತ್ತೆ: ಏನೂ ಆಗಿಲ್ಲ, ಕಂಪನಿಯ ಷೇರೆಲ್ಲಾ ಸರ್ಕಾರದ್ದೇ, ಹಳೇ ನೌಕರರು ಡೆಪ್ಯುಟೇಷನ್ ಮೇಲೆ ಇದ್ದಾರೆ, ಅವರ ಸೇವಾ ಷರತ್ತು ಹಾಗೇ ಇದೆ. ಈ ಡೆಪ್ಯುಟೇಷನ್ನು ಮೊದಲು ಎರಡು ವರ್ಷ ಅಂದರು, ಆಮೇಲೆ ಬೆಳೆಸುತ್ತ ಬಂದರು. ಹಳಬರ ಮಾತು ಬಿಡಿ. ಅವರು ಇವತ್ತಲ್ಲ ನಾಳೆ ನಿವೃತ್ತರಾಗುತ್ತಾರೆ. ನೀವು ನೋಡಬೇಕಾದ್ದು ಅವರು ಖಾಲಿ ಮಾಡಿದ ಜಾಗಕ್ಕೆ ಯಾರನ್ನು ಹೇಗೆ ತುಂಬುತ್ತಾರೆ ಅನ್ನೋದನ್ನ.

2025ರಲ್ಲಿ ಆವಡಿ ಕಾರ್ಖಾನೆ 1850 ಜೂನಿಯರ್ ಟೆಕ್ನಿಷಿಯನ್ನರು ಬೇಕು ಅಂತ ಜಾಹೀರಾತು ಕೊಟ್ಟಿತು. ಐಟಿಐ ಹುಡುಗರು ಮುಗಿಬಿದ್ದು ಅರ್ಜಿ ಹಾಕುವಂಥ ಕೆಲಸ. ಓದಿ ನೋಡಿದರೆ ಅದು ಗುತ್ತಿಗೆ ಕೆಲಸ. ಮೊದಲಿಗೆ ಒಂದು ವರ್ಷ, ಕಂಪನಿಗೆ ಬೇಕೆನಿಸಿದರೆ ಮುಂದಕ್ಕೆ ಇನ್ನಷ್ಟು. ಮೀಸಲಾತಿ ಇತ್ತಾ? ಇತ್ತು. ಜಾತಿವಾರು ಹುದ್ದೆ ಲೆಕ್ಕ ಹಾಕಿ ಕೊಟ್ಟಿದ್ದರು. ಇದೇ ಮೋಸ, ನೋಡಿ. ಪಾಲು ಇದೆ, ಆದರೆ ಪಾಲು ಹಾಕುವ ವಸ್ತುವೇ ಕರಗಿಹೋಗಿದೆ. ಜೀವಮಾನದ ಕೆಲಸದಲ್ಲಿ ನೂರಕ್ಕೆ ಹದಿನೈದು ಬೇರೆ, ಒಂದು ವರ್ಷದ ಕೂಲಿಯಲ್ಲಿ ನೂರಕ್ಕೆ ಹದಿನೈದು ಬೇರೆ. ವರ್ಷದ ಕೊನೆಗೆ ಅವಧಿ ಬೆಳೆಸಬೇಕಾದವನು ಮೇಲಿನ ಸಾಹೇಬ. ಆ ಸಾಹೇಬನ ಮುಂದೆ ನಿಂತು ಯೂನಿಯನ್ ಕಟ್ಟುತ್ತೀನಿ ಅನ್ನೋ ಧೈರ್ಯ ಯಾವ ಹುಡುಗನಿಗೆ ಬರುತ್ತೆ? ಜಾತಿ ಹಿಡಿದು ಬೈದರೆ ದೂರು ಕೊಡೋ ಧೈರ್ಯ ಎಲ್ಲಿಂದ ಬರುತ್ತೆ? ಊರಲ್ಲಿ ಗೌಡನಿಗೆ ಕೈ ಮುಗಿದದ್ದು ತಪ್ಪಿತು ಅಂದುಕೊಂಡು ಬಂದವನು ಇಲ್ಲಿ ಮತ್ತೆ ಕೈ ಮುಗಿಯಬೇಕು.

ಇದು ಮೊದಲ ಮೆಟ್ಟಿಲು. ಎರಡನೇ ಮೆಟ್ಟಿಲು ನೋಡಬೇಕಾದರೆ ತಮಿಳುನಾಡಿಗೆ ಹೋಗಬೇಕಾಗಿಲ್ಲ, ನಮ್ಮ ಕೋಲಾರಕ್ಕೆ ಬನ್ನಿ. ಕೆಜಿಎಫ್‌ನಲ್ಲಿ ಬೆಮೆಲ್ ಇದೆ. ಭೂಮಿ ಅಗೆಯುವ ಯಂತ್ರಗಳ ಜೊತೆಗೆ, ಕೆಟ್ಟು ನಿಂತ ಟ್ಯಾಂಕುಗಳನ್ನು ರಣರಂಗದಿಂದ ಎಳೆದು ತರುವ ಕವಚದ ಗಾಡಿಯನ್ನೂ ಈ ಕಂಪನಿ ಸೈನ್ಯಕ್ಕೆ ಮಾಡಿಕೊಡುತ್ತೆ. ಕೆಜಿಎಫ್ ಅಂದರೆ ಯಾರ ಊರು? ತಮಿಳು ಜಿಲ್ಲೆಗಳಿಂದ, ಚಿತ್ತೂರು ಕಡೆಯಿಂದ ಬಂದು, ಮೂರು ಕಿಲೋಮೀಟರಿಗೂ ಆಳದ ಗಣಿಯಲ್ಲಿ ಕಲ್ಲಿನ ಧೂಳು ನುಂಗಿ ಚಿನ್ನ ತೆಗೆದುಕೊಟ್ಟ ದಲಿತರ ಊರು. ಆ ಗಣಿಯನ್ನು 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಉಳಿದ ದೊಡ್ಡ ಸರ್ಕಾರಿ ಕಾರ್ಖಾನೆ ಬೆಮೆಲ್ ಒಂದೇ.

ಬೆಮೆಲ್ 1964ರಲ್ಲಿ ಹುಟ್ಟಿದಾಗ ಪೂರ್ತಿ ಸರ್ಕಾರದ್ದು. 1992ರಲ್ಲಿ ಕಾಲುಭಾಗ ಮಾರಿದರು. ಯಾರೂ ಕೂಗಲಿಲ್ಲ, ಕಾಲುಭಾಗ ತಾನೆ ಅಂದರು. ಆಮೇಲೆ ಸರ್ಕಾರದ ಪಾಲು ಶೇಕಡಾ 54ರ ಹತ್ತಿರಕ್ಕೆ ಇಳಿಯಿತು. 2016ರಲ್ಲಿ ಕೇಂದ್ರ ಸಂಪುಟ ಸಮಿತಿ ಇನ್ನೂ 26 ಪಾಲನ್ನು ಆಡಳಿತದ ಹಿಡಿತದ ಸಮೇತ ಖಾಸಗಿಯವರಿಗೆ ಕೊಡಲು ಒಪ್ಪಿತು. 2021ರ ಜನವರಿಯಲ್ಲಿ ಕೊಳ್ಳುವವರು ಬನ್ನಿ ಅಂತ ಕರೆ ಕೊಟ್ಟರು. ಮಾರುವ ಮುಂಚೆ ಜಮೀನನ್ನು ಬೇರೆ ಕಂಪನಿ ಮಾಡಿ ಎತ್ತಿಟ್ಟರು. ಜಮೀನಿಗೆ ಅಷ್ಟು ಜೋಪಾನ. ಮೀಸಲಾತಿಯನ್ನು ಹಾಗೆ ಎತ್ತಿಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಲೆಕ್ಕ ಸರಳ. 54ರಲ್ಲಿ 26 ಕಳೆದರೆ 28. ಅರ್ಧಕ್ಕಿಂತ ಕೆಳಗಿಳಿದು ಹಿಡಿತವೂ ಕೈಬಿಟ್ಟ ದಿನ ಅದು ಸರ್ಕಾರಿ ಕಂಪನಿಯಲ್ಲ. ಸರ್ಕಾರವಲ್ಲದ ಕಡೆ ಸಂವಿಧಾನದ 16(4)ನೇ ವಿಧಿ ಕೈಕೆಲಸ ಮಾಡುವುದಿಲ್ಲ. ಯಾರೂ ಮೀಸಲಾತಿ ರದ್ದು ಮಾಡಲಿಲ್ಲ, ಯಾರೂ ನಮ್ಮ ವಿರುದ್ಧ ಮಾತಾಡಲಿಲ್ಲ, ಆದರೂ ಅದು ಇಲ್ಲವಾಯಿತು. 2001ರಲ್ಲಿ ಬಾಲ್ಕೋ ಅಲ್ಯೂಮಿನಿಯಂ ಕಂಪನಿಯ ಶೇಕಡಾ 51 ಪಾಲನ್ನು 551.5 ಕೋಟಿಗೆ ಸ್ಟರ್ಲೈಟಿಗೆ ಮಾರಿದಾಗ ಕೆಲಸಗಾರರು ಸುಪ್ರೀಂ ಕೋರ್ಟಿನವರೆಗೂ ಹೋದರು. ಇದು ಸರ್ಕಾರದ ಆರ್ಥಿಕ ನೀತಿ, ನಾವು ಅಡ್ಡ ಬರೋದಿಲ್ಲ ಅಂತ ಆ ವರ್ಷದ ಡಿಸೆಂಬರಿನಲ್ಲಿ ಕೋರ್ಟು ಹೇಳಿ ಕೈತೊಳೆದುಕೊಂಡಿತು. ಆದ್ದರಿಂದ ಮಾರಿದ ಮೇಲೆ ಕೋರ್ಟಿಗೆ ಹೋಗೋಣ ಅನ್ನೋ ವಕೀಲರ ಮಾತು ಕಟ್ಟಿಕೊಂಡು ಕೂರಬೇಡಿ.

ಮೂರನೇ ಮೆಟ್ಟಿಲು, ಮೊದಲಿಂದಲೇ ಖಾಸಗಿಯಾದ ಕಂಪನಿಗಳು. 2001ರಲ್ಲಿ ರಕ್ಷಣಾ ಸಾಮಗ್ರಿ ತಯಾರಿಕೆಯನ್ನು ಖಾಸಗಿಯವರಿಗೆ ತೆರೆದರು, ವಿದೇಶಿ ಬಂಡವಾಳಕ್ಕೆ ಆಗ ಶೇಕಡಾ 26 ಮಿತಿ. 2020ರಲ್ಲಿ ಅದನ್ನು 74ಕ್ಕೆ ಏರಿಸಿದರು. ಈಗ ಕವಚದ ಗಾಡಿಗಳನ್ನು ಮಹೀಂದ್ರ ಮಾಡುತ್ತೆ, ಟಾಟಾ ಮಾಡುತ್ತೆ, ಕಲ್ಯಾಣಿ ಮಾಡುತ್ತೆ. ಎಲ್ ಅಂಡ್ ಟಿ ಗುಜರಾತಿನ ಹಜೀರಾದಲ್ಲಿ ಟ್ಯಾಂಕಿನ ಹಾಗೆ ಚೈನಿನ ಮೇಲೆ ಓಡುವ ಕೆ-9 ವಜ್ರ ಫಿರಂಗಿ ಮಾಡುತ್ತೆ. ಇವು ಖಾಸಗಿ, ಇಲ್ಲಿ ಮೀಸಲಾತಿ ಕೇಳಬೇಡಿ ಅನ್ನುತ್ತಾರೆ.

ಇಲ್ಲೇ ನಮ್ಮ ಜಗಳ ಇರೋದು. ಸೋಪು, ಬಟ್ಟೆ, ಬಿಸ್ಕತ್ತು ಮಾಡೋನು ನಾನು ಖಾಸಗಿ ಅಂದರೆ ಸ್ವಲ್ಪ ಅರ್ಥವಿದೆ. ಟ್ಯಾಂಕು ಮಾಡೋನು ಖಾಸಗಿ ಹೇಗಾಗ್ತಾನೆ? ಟ್ಯಾಂಕನ್ನು ಸಂತೆಯಲ್ಲಿ ಇಟ್ಟು ಮಾರ್ತಾನಾ? ನಮ್ಮ ದೇಶದಲ್ಲಿ ಅದನ್ನ ಕೊಳ್ಳೋದು ಸರ್ಕಾರ. 2021ರ ಮಾರ್ಚಿನಲ್ಲಿ 1300 ಹಗುರ ಕವಚದ ಗಾಡಿಗೆ ಮಹೀಂದ್ರಕ್ಕೆ 1056 ಕೋಟಿ ರೂಪಾಯಿ ಕೊಡಲು ಒಪ್ಪಿದ್ದು ಸರ್ಕಾರ. 2021ರ ಸೆಪ್ಟೆಂಬರಿನಲ್ಲಿ 118 ಅರ್ಜುನ್ ಟ್ಯಾಂಕಿಗೆ ಆವಡಿಗೆ 7523 ಕೋಟಿಯ ಆರ್ಡರು ಕೊಟ್ಟಿದ್ದು ಸರ್ಕಾರ. 2024ರ ಡಿಸೆಂಬರಿನಲ್ಲಿ ವಜ್ರ ಫಿರಂಗಿಗೆ ಎಲ್ ಅಂಡ್ ಟಿ ಜೊತೆ 7628 ಕೋಟಿಯ ಕರಾರು ಮಾಡಿದ್ದೂ ಸರ್ಕಾರ. ಟಾಟಾದ ಎಂಟು ಚಕ್ರದ ಕವಚದ ಗಾಡಿಯ ನಕ್ಷೆಯಲ್ಲಿ ಕೈಯಿಟ್ಟದ್ದು ಸರ್ಕಾರದ ಡಿಆರ್‌ಡಿಒ. ಕೊಳ್ಳುವವನೂ ಸರ್ಕಾರ, ದುಡ್ಡೂ ಸರ್ಕಾರದ್ದು. ಸರ್ಕಾರದ ದುಡ್ಡು ಅಂದರೆ ಯಾರದು? ಬೆಂಕಿಪೊಟ್ಟಣ ಕೊಂಡಾಗ, ಬಟ್ಟೆ ಕೊಂಡಾಗ ನಮ್ಮವ್ವ ಕಟ್ಟಿದ ತೆರಿಗೆಯೂ ಅದರಲ್ಲಿದೆ. ನಮ್ಮವ್ವನ ತೆರಿಗೆ ಕಂಪನಿಯ ಗೇಟು ದಾಟಿ ಒಳಗೆ ಹೋಗಬಹುದು, ನಮ್ಮವ್ವನ ಮಗ ಗೇಟಿನಾಚೆ ನಿಲ್ಲಬೇಕು. ದೇವಸ್ಥಾನದ ಹುಂಡಿಗೂ ನಮಗೂ ಇದ್ದ ಸಂಬಂಧ ಇದೇ ತಾನೆ?

ಖಾಸಗಿಯವರಿಗೆ ಹೀಗೆಲ್ಲಾ ಕಟ್ಟು ಹಾಕೋಕೆ ಪ್ರಪಂಚದಲ್ಲಿ ಎಲ್ಲೂ ಆಗಿಲ್ಲ ಅಂತ ಇಂಗ್ಲಿಷ್ ಪೇಪರಿನವರು ಬರೀತಾರೆ. ಸುಳ್ಳು. ಬಂಡವಾಳಗಾರರ ತವರುಮನೆ ಅಮೆರಿಕದಲ್ಲೇ ಆಗಿದೆ, ಅದೂ ಟ್ಯಾಂಕು ಕಾರ್ಖಾನೆಗಳ ಕಾಲದಲ್ಲೇ. 1941ರಲ್ಲಿ ಡೆಟ್ರಾಯಿಟ್ ಪಕ್ಕದಲ್ಲಿ ಕ್ರೈಸ್ಲರ್ ಕಂಪನಿ ಟ್ಯಾಂಕು ಮಾಡೋಕೆ ಶುರುಮಾಡಿತು. ಕಾರ್ಖಾನೆ ಕಟ್ಟಿಸಿದ್ದು ಸರ್ಕಾರ, ನಡೆಸಿದ್ದು ಕ್ರೈಸ್ಲರ್. ಯುದ್ಧ ಮುಗಿಯೋದರೊಳಗೆ ಅಲ್ಲಿಂದ 22 ಸಾವಿರಕ್ಕೂ ಹೆಚ್ಚು ಟ್ಯಾಂಕು ಹೊರಟವು. ಆ ಹೊತ್ತಿನಲ್ಲಿ ದೇಶದ ತುಂಬಾ ಇಂಥ ಯುದ್ಧ ಕಾರ್ಖಾನೆಗಳು ಏಳುತ್ತಿದ್ದವು, ಕರಿಯರನ್ನು ಮಾತ್ರ ಗೇಟಿನಲ್ಲೇ ತಡೆಯುತ್ತಿದ್ದರು, ಒಳಗೆ ಬಿಟ್ಟರೂ ಕಸಬರಿಗೆ ಕೊಡುತ್ತಿದ್ದರು. ರೈಲಿನ ಮಲಗುವ ಬೋಗಿಗಳಲ್ಲಿ ಕೂಲಿ ಮಾಡುವ ಕರಿಯರ ಯೂನಿಯನ್ ಕಟ್ಟಿದ್ದ ಎ. ಫಿಲಿಪ್ ರಾಂಡಾಲ್ಫ್, ಜುಲೈ 1ರಂದು ಒಂದು ಲಕ್ಷ ಕರಿಯರನ್ನು ವಾಷಿಂಗ್‌ಟನ್ನಿಗೆ ನಡೆಸಿಕೊಂಡು ಬರ್ತೀನಿ ಅಂದರು. ಅಧ್ಯಕ್ಷ ರೂಸ್‌ವೆಲ್ಟ್ ಬೇಡ ಅಂತ ಕೇಳಿಕೊಂಡರು. ರಾಂಡಾಲ್ಫ್ ಬಗ್ಗಲಿಲ್ಲ. ಮೆರವಣಿಗೆಗೆ ಒಂದು ವಾರ ಇರುವಾಗ, 1941ರ ಜೂನ್ 25ರಂದು, ರಕ್ಷಣಾ ಕಾರ್ಖಾನೆಗಳಲ್ಲಿ ಬಣ್ಣ ನೋಡಿ ಕೆಲಸ ನಿರಾಕರಿಸಕೂಡದು ಅಂತ ಅಧ್ಯಕ್ಷರ ಆದೇಶ ಹೊರಬಿತ್ತು. ಮೆರವಣಿಗೆ ನಡೆಯಲೇ ಇಲ್ಲ, ನಡೆಯುತ್ತೆ ಅನ್ನೋ ಭಯವೇ ಕೆಲಸ ಮಾಡಿತು.

ಅದರ ಮೇಲೆ 1965ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ ಇನ್ನೊಂದು ಆದೇಶ ಮಾಡಿದರು. ಸರ್ಕಾರದಿಂದ ಗುತ್ತಿಗೆ ಹಿಡಿಯುವ ಕಂಪನಿ ಬರೀ ಭೇದ ಮಾಡದಿದ್ದರೆ ಸಾಲದು, ಕರಿಯರನ್ನು ಸೇರಿಸಿಕೊಳ್ಳೋಕೆ ತಾನೇ ಮುಂದಾಗಿ ಕ್ರಮ ಕೈಗೊಳ್ಳಬೇಕು, ಗುತ್ತಿಗೆ ಪತ್ರದಲ್ಲೇ ಆ ಷರತ್ತು ಇರಬೇಕು. 1982ರಲ್ಲಿ ಕ್ರೈಸ್ಲರಿನ ಟ್ಯಾಂಕು ವ್ಯವಹಾರವನ್ನು ಜನರಲ್ ಡೈನಮಿಕ್ಸ್ ಕೊಂಡುಕೊಂಡಿತು. ಕಂಪನಿ ಬದಲಾಯಿತು, ಷರತ್ತು ಬದಲಾಗಲಿಲ್ಲ. ಯಾಕೆ? ಷರತ್ತು ಕಟ್ಟಿದ್ದು ಮಾಲೀಕನಿಗಲ್ಲ, ಸರ್ಕಾರದ ದುಡ್ಡಿಗೆ. ದುಡ್ಡು ಯಾರ ಮನೆಗೆ ಹೋದರೂ ಷರತ್ತು ಅದರ ಹಿಂದೆಯೇ ಹೋಗುತ್ತೆ.

ಇದು ನಮ್ಮ ದೇಶಕ್ಕೂ ಹೊಸದಲ್ಲ. ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯಲ್ಲಿ, ಇಲಾಖೆಗಳು ಒಟ್ಟು ಕೊಳ್ಳುವುದರಲ್ಲಿ ಶೇಕಡಾ 4ರಷ್ಟನ್ನು ಪರಿಶಿಷ್ಟರ ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು ಅಂತಿದೆ. ನಮ್ಮ ಕರ್ನಾಟಕದಲ್ಲಿ ಸರ್ಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 17.15, ಪರಿಶಿಷ್ಟ ವರ್ಗಕ್ಕೆ 6.95 ಇಟ್ಟಿದ್ದಾರೆ. ಮೊದಲು 50 ಲಕ್ಷದ ಕಾಮಗಾರಿವರೆಗೆ ಇತ್ತು, 2023ರಲ್ಲಿ ಒಂದು ಕೋಟಿಗೆ ಏರಿಸಿದರು. ಅಂದರೆ ಸರ್ಕಾರದ ದುಡ್ಡಿನ ಹಿಂದೆ ಮೀಸಲಾತಿ ಹೋಗಬಹುದು ಅಂತ ಸರ್ಕಾರಗಳೇ ಒಪ್ಪಿವೆ. ಆದರೆ ಒಪ್ಪಿದ್ದು ಯಾರಿಗೆ? ಗುತ್ತಿಗೆ ಹಿಡಿಯುವ ತಾಕತ್ತು ಇರುವ ನಾಲ್ಕು ಜನಕ್ಕೆ. ಗುತ್ತಿಗೆದಾರನಿಗೆ ಸಲ್ಲುವ ನ್ಯಾಯ ವೆಲ್ಡರನಿಗೆ ಯಾಕೆ ಸಲ್ಲಬಾರದು? ಖಾಸಗಿ ಕಂಪನಿಗಳ ಸಂಘದವರು 2006ರಲ್ಲಿ ಸ್ವಇಚ್ಛೆಯ ನೀತಿಸಂಹಿತೆ ಮಾಡಿಕೊಂಡರು. ಸ್ವಇಚ್ಛೆ! ಸ್ವಇಚ್ಛೆಯಿಂದ ಯಾವ ಊರಲ್ಲಿ ಯಾರು ನಮಗೆ ಬಾವಿ ಬಿಟ್ಟುಕೊಟ್ಟರು?

ಇನ್ನು ಕೆಲವು ಮಾತುಗಳಿಗೆ ಉತ್ತರ ಹೇಳಲೇಬೇಕು. ದೇಶರಕ್ಷಣೆಯಲ್ಲಿ ಮೆರಿಟ್ ಬಿಟ್ಟುಕೊಡೋಕಾಗಲ್ಲ ಅನ್ನುತ್ತಾರೆ. ಆಹಾ! 1971ರ ಯುದ್ಧಕ್ಕೆ ಹೋದ ವಿಜಯಂತ ಟ್ಯಾಂಕುಗಳು ಮೀಸಲಾತಿ ಇದ್ದ ಕಾರ್ಖಾನೆಯಿಂದ ಬಂದವೇ. ಅದಕ್ಕೂ ಹಿಂದೆ ಹೋಗಿ. 1890ರ ದಶಕದಲ್ಲಿ ಮಹಾರರು ವೀರ ಜಾತಿಯಲ್ಲ ಅಂತ ಬ್ರಿಟಿಷರು ಸೈನ್ಯದ ಬಾಗಿಲು ಮುಚ್ಚಿದರು. ಮಹಾಯುದ್ಧದಲ್ಲಿ ಜನ ಬೇಕಾದಾಗ 1941ರ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟು ಕಟ್ಟಿದರು. ಸಾಯೋಕೆ ಜನ ಬೇಕಾದಾಗ ಜಾತಿ ಅಡ್ಡ ಬರೋದಿಲ್ಲ, ಸಂಬಳದ ಪಟ್ಟಿ ಬರೆಯುವಾಗ ಮಾತ್ರ ಮೆರಿಟ್ಟು ನೆನಪಾಗುತ್ತೆ.

ನಮ್ಮವರೇ ಕೆಲವರು, ಕೊಲ್ಲುವ ಯಂತ್ರ ಮಾಡೋ ಕಾರ್ಖಾನೆ ಇದ್ದರೆಷ್ಟು ಹೋದರೆಷ್ಟು, ಬುದ್ಧನ ಮಕ್ಕಳಿಗೆ ಅದು ಯಾಕೆ ಬೇಕು ಅನ್ನುತ್ತಾರೆ. ಅಣ್ಣಾ, ನಾವು ಯುದ್ಧಕ್ಕೆ ಜೈ ಅನ್ನುತ್ತಿಲ್ಲ. ಟ್ಯಾಂಕು ಬೇಕೋ ಬೇಡವೋ ಅನ್ನೋ ತೀರ್ಮಾನದಲ್ಲಿ ನಮ್ಮನ್ನ ಯಾರು ಕೇಳಿದರು? ಮಾಡೋದು ನಿಂತರೆ ಎಲ್ಲರಿಗೂ ನಿಲ್ಲಲಿ. ಮಾಡೋದು ನಡೆಯುತ್ತಲೇ ಇದ್ದು, ಅದಕ್ಕೆ ಸಾವಿರಾರು ಕೋಟಿ ಸುರಿಯುತ್ತಲೇ ಇದ್ದು, ನಮ್ಮ ಹುಡುಗರು ಮಾತ್ರ ಬುದ್ಧನ ಹೆಸರಲ್ಲಿ ಹೊರಗಿರಬೇಕು ಅನ್ನೋದು ಬುದ್ಧನ ಮಾತಲ್ಲ, ಮಾಲೀಕನ ಮಾತು.

ಕೊನೆಯದಾಗಿ ಒಂದು ಎಚ್ಚರ. ಅಮೆರಿಕದ ಆ 1965ರ ಆದೇಶ ಈಗ ಇಲ್ಲ. 2025ರ ಜನವರಿ 21ರಂದು ಟ್ರಂಪ್ ಒಂದು ಸಹಿ ಹಾಕಿ ಅದನ್ನು ರದ್ದು ಮಾಡಿದರು. ಅರವತ್ತು ವರ್ಷದ ಹಕ್ಕು ಒಂದು ಸಹಿಗೆ ಹೋಯಿತು, ಯಾಕಂದರೆ ಅದು ಕಾನೂನಾಗಿರಲಿಲ್ಲ, ಆದೇಶವಾಗಿತ್ತು. ಅಲ್ಲಿಯವರನ್ನು ನೋಡಿ ಮರುಗುವ ಮುಂಚೆ ನಮ್ಮ ಮನೆ ನೋಡಿಕೊಳ್ಳಿ. ಬಾಬಾಸಾಹೇಬರು ವೈಸರಾಯ್ ಮಂಡಲಿಯಲ್ಲಿದ್ದಾಗ 1943ರಲ್ಲಿ ಕೇಂದ್ರ ಸೇವೆಯಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 8.33 ಸಿಕ್ಕಿತು, ಅದು ಆದೇಶ. 1970ರಲ್ಲಿ 15 ಮತ್ತು 7.5 ಆಯಿತು, ಅದೂ ಆದೇಶ. ಸಂವಿಧಾನದ 16(4) ಮೀಸಲಾತಿ ಕೊಡಬಹುದು ಅನ್ನುತ್ತೆ, ಕೊಡಲೇಬೇಕು ಅನ್ನೋದಿಲ್ಲ. 2020ರ ಫೆಬ್ರವರಿಯಲ್ಲಿ ಉತ್ತರಾಖಂಡದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿತು. ಕರ್ನಾಟಕದಲ್ಲಾದರೂ ರಾಜ್ಯದ ಹುದ್ದೆಗಳಿಗೆ 1990ರ ಕಾಯ್ದೆ ಇದೆ. ಟ್ಯಾಂಕು ಮಾಡುವ ಕೇಂದ್ರದ ಕಂಪನಿಗಳಲ್ಲಿ ನಮ್ಮ ಪಾಲು ನಿಂತಿರೋದು ಆದೇಶದ ಕಾಗದದ ಮೇಲೆ.

ಆದ್ದರಿಂದ ನಾವು ಕೇಳಬೇಕಾದ್ದು ಇಷ್ಟು. ಕೇಂದ್ರದ ಹುದ್ದೆಗಳ ಮೀಸಲಾತಿ ಆದೇಶವಾಗಿ ಅಲ್ಲ, ಪಾರ್ಲಿಮೆಂಟಿನ ಕಾನೂನಾಗಿ ಬರಬೇಕು. ಸರ್ಕಾರಿ ಕಂಪನಿಯ ಷೇರು ಯಾರಿಗೇ ಮಾರಲಿ, ಮೀಸಲಾತಿ ಷೇರಿನ ಜೊತೆಗೇ ಹೋಗಬೇಕು. ಸೈನ್ಯಕ್ಕೆ ಟ್ಯಾಂಕು, ಕವಚದ ಗಾಡಿ, ಫಿರಂಗಿ ಮಾಡಿಕೊಡುವ ಯಾವುದೇ ಕಂಪನಿಯ ಖರೀದಿ ಕರಾರಿನಲ್ಲಿ ನೇಮಕದ ಮೀಸಲಾತಿ ಒಂದು ಷರತ್ತಾಗಿರಬೇಕು, ತಪ್ಪಿದರೆ ಹಣ ತಡೆಯಬೇಕು. ವರ್ಷವಿಡೀ ನಡೆಯುವ ಕೆಲಸಕ್ಕೆ ವರ್ಷದ ಗುತ್ತಿಗೆ ನೇಮಕ ನಿಲ್ಲಬೇಕು. ಯಾವ ಕಂಪನಿಯಲ್ಲಿ ಯಾವ ದರ್ಜೆಯಲ್ಲಿ ನಮ್ಮವರು ಎಷ್ಟು ಅನ್ನೋ ಲೆಕ್ಕ ಪ್ರತಿ ವರ್ಷ ಗೇಟಿನ ಮೇಲೆ ಅಂಟಿಸಬೇಕು.

ಹಾಸ್ಟೆಲಿನ ಗೆಳೆಯರೇ, ಏಪ್ರಿಲ್ 14ಕ್ಕೆ ಎಂಪಿ ನಿಮ್ಮ ಹಾಸ್ಟೆಲಿಗೆ ಬಂದೇ ಬರ್ತಾನೆ. ಹಾರ ಹಾಕ್ತಾನೆ, ನೀಲಿ ಶಾಲು ಹೊದ್ದುಕೊಳ್ತಾನೆ, ಬಾಬಾಸಾಹೇಬರು ಇಲ್ಲದಿದ್ದರೆ ನಾನೆಲ್ಲಿ ಅಂತ ಕಣ್ಣು ಒರೆಸಿಕೊಳ್ತಾನೆ. ಚಪ್ಪಾಳೆ ತಟ್ಟುವ ಮುಂಚೆ ಒಬ್ಬ ಎದ್ದು ನಿಂತು ಕೇಳಿ: ಸ್ವಾಮಿ, ಟ್ಯಾಂಕು ಕಾರ್ಖಾನೆಯ ಕೆಲಸಗಾರರ ಬಾಯಿಗೆ ಬೀಗ ಹಾಕೋ ಕಾನೂನು ಬಂದಾಗ ನಿಮ್ಮ ಪಕ್ಷ ಯಾವ ಕಡೆ ಇತ್ತು? ಬೆಮೆಲ್ ಮಾರೋಕೆ ಕರೆ ಕೊಟ್ಟಾಗ ನೀವು ಏನಂದಿರಿ? ಖರೀದಿ ಕರಾರಿನಲ್ಲಿ ಮೀಸಲಾತಿ ಷರತ್ತು ಸೇರಿಸಿ ಅಂತ ಒಂದು ಪ್ರಶ್ನೆಯನ್ನಾದರೂ ಪಾರ್ಲಿಮೆಂಟಿನಲ್ಲಿ ಹಾಕ್ತೀರಾ, ಇಲ್ಲವಾ? ಉತ್ತರ ಬರೆದುಕೊಳ್ಳಿ. ಬರೆದದ್ದನ್ನು ಪಕ್ಕದ ಹಾಸ್ಟೆಲಿಗೆ ಕಳಿಸಿ. ಒಂದು ಹಾಸ್ಟೆಲು ಕೇಳಿದರೆ ಅಧಿಕಪ್ರಸಂಗ ಅಂತಾರೆ. ನೂರು ಹಾಸ್ಟೆಲು ಒಂದೇ ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತೆ.

ಜೈ ಭೀಮ್.